ಅಡುಗೆಮನೆಯ ಸೇರು

ಅಕ್ಕನ ಮನೆ,
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಸಿಪುಟ್ಟಾ,

ಹೇಗಿದ್ದೀಯ? ಕೆಮ್ಮು ಹೇಗಿದೆ? ಹೋದ ತಿಂಗಳು ರೇಡಿಯೊದಲ್ಲಿ ನಿನ್ನ ಭಾಷಣ ಕೇಳಿದೆ. ಎರಡು ಸಲ ಮಾತಿನ ನಡುವೆ ತಡೆದು ನಿಂತೆ. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು, "ಪಾಪ, ಗಂಟಲು ಕಟ್ಟಿ ಬಂತು ನೋಡಿ" ಎಂದಳು. ಕಟ್ಟಿ ಬಂದದ್ದು ದುಃಖವಲ್ಲ, ಕಫ ಎಂದು ನನಗೆ ಗೊತ್ತು. ಚಿಕ್ಕಂದಿನಿಂದಲೂ ನಿನಗೆ ಚಳಿ ಕಳೆಯುವ ಹೊತ್ತಿಗೇ ಎದೆ ಕಟ್ಟುತ್ತದೆ. ಬಿಸಿನೀರು ಕುಡಿ. ಕತ್ತಿಗೆ ಮಫ್ಲರ್ ಸುತ್ತಿಕೊ. ಸಮಿತಿಯ ಅಧ್ಯಕ್ಷನಾದವನು ಮಫ್ಲರ್ ಸುತ್ತಬಾರದೆಂಬ ನಿಯಮ ಇರಲಾರದು. ಇದ್ದರೂ ಬರೆದವನು ನೀನೇ ಆಗಿರುತ್ತೀಯ, ತಿದ್ದಿಬಿಡು. ಹಳೆಯ ಹೆಸರಿನಿಂದ ಕರೆದೆನೆಂದು ಬೇಸರಿಸಬೇಡ. ನಿನಗೆ ಬರೆಯುವ ಪತ್ರಗಳನ್ನೆಲ್ಲ ಮೊದಲು ನಿನ್ನ ಕಾರ್ಯದರ್ಶಿ ಒಡೆದು ಓದುತ್ತಾನೆಂದು ಕೇಳಿದ್ದೇನೆ. ಅವನಿಗೂ ತಿಳಿಯಲಿ, ಈ ದೊಡ್ಡ ಮನುಷ್ಯನ ಬೆರಳುಗಳಲ್ಲಿ ಸದಾ ಮಸಿ ಇರುತ್ತಿತ್ತು, ಆ ಮಸಿ ಇವನ ಅಕ್ಕನ ಸೆರಗಿನಲ್ಲಿ ಇವತ್ತಿಗೂ ಇದೆ ಎಂದು.

ನಾವು ಚೆನ್ನಾಗಿದ್ದೇವೆ. ನನ್ನ ಕೂದಲು ಮುಕ್ಕಾಲು ಪಾಲು ನೆರೆತಿದೆ. ನೀನು ಮಲಗುತ್ತಿದ್ದ ಅಟ್ಟದಲ್ಲಿ ಈಗ ನನ್ನ ಪುಸ್ತಕಗಳಿವೆ, ಇಲಿಗಳಿವೆ; ಇಲಿಗಳಿಗೆ ಗದ್ಯಕ್ಕಿಂತ ಪದ್ಯವೇ ಹೆಚ್ಚು ರುಚಿಸುತ್ತದೆ, ಪಾಪ, ಅವಕ್ಕೂ ಸಾಲು ಸಣ್ಣದಿದ್ದರೆ ಸಲೀಸು. ಯಾಕಮ್ಮನಿಗೆ ಹದಿನಾರು ತುಂಬಿತು. ಎರಡು ವರ್ಷದ ಮಗು ಮಾತು ಮಾತಿಗೂ 'ಯಾಕೆ' ಎನ್ನುತ್ತಿದ್ದಳೆಂದು ನೀನಿಟ್ಟ ಹೆಸರು ಅದು. ಈಗಲೂ ಮನೆಯಲ್ಲಿ ಅದೇ ನಡೆಯುತ್ತದೆ. ಉದ್ದಕ್ಕೆ ಬೆಳೆದಿದ್ದಾಳೆ, ಅಪ್ಪನ ಹಾಗೆ ಬಾಗಿಲಲ್ಲಿ ತಲೆ ತಗ್ಗಿಸುತ್ತಾಳೆ. ಮೂರು ವಾರದ ಹಿಂದೆ ಶಾಲೆಯ ಕೊನೆಯ ಪರೀಕ್ಷೆ ಬರೆದಳು. ಇತಿಹಾಸದ ದಿನ ಮನೆಗೆ ಬಂದವಳನ್ನು ಹೇಗೆ ಬರೆದೆ ಎಂದು ಕೇಳಿದರೆ, "ಗೊತ್ತಿದ್ದದ್ದನ್ನ ಬರೆದೆ ಕಣಮ್ಮ" ಎಂದಳು. ನಾನು ಅಷ್ಟಕ್ಕೇ ಸುಮ್ಮನಾದೆ. ಸುಮ್ಮನಾಗುವುದು ನನಗೆ ಚೆನ್ನಾಗಿ ಬರುವ ವಿದ್ಯೆ, ನಿನಗೆ ಗೊತ್ತೇ ಇದೆ.

ಈಗ ಮೌಲ್ಯಮಾಪನ ನಡೆಯುತ್ತಿದೆ. ಶಾಲೆಯ ವ್ಯಾಯಾಮದ ಹಾಲಿನಲ್ಲಿ ಉದ್ದುದ್ದ ಬೆಂಚು ಹಾಕಿ ನಲವತ್ತು ಜನ ಮೇಷ್ಟ್ರುಗಳನ್ನೂ ಟೀಚರುಗಳನ್ನೂ ಕೂರಿಸಿದ್ದಾರೆ. ಒಬ್ಬೊಬ್ಬರಿಗೆ ದಿನಕ್ಕೆ ಮೂವತ್ತು ಉತ್ತರಪತ್ರಿಕೆ, ಒಂದು ಕೆಂಪು ಪೆನ್ನು, ಒಂದು ಉತ್ತರಸೂಚಿ. ಸಾಮಾನ್ಯವಾಗಿ ನಮ್ಮ ಮಕ್ಕಳ ಪತ್ರಿಕೆಗಳು ನದಿಯಾಚೆಗೆ ಹೋಗುತ್ತವೆ, ಅವರವು ನಮಗೆ ಬರುತ್ತವೆ. ಈ ವರ್ಷ ಸೇತುವೆ ರಿಪೇರಿಗೆ ಮುಚ್ಚಿದ್ದರಿಂದ ಹೆಸರಿನ ಚೀಟಿ ಹರಿದು, ಸಂಖ್ಯೆ ಹಾಕಿ, ಕಲಸಿ ನಮಗೇ ಹಂಚಿದರು. ಏಳನೆಯ ಪ್ರಶ್ನೆ ಪ್ರತಿ ವರ್ಷದ್ದೇ: 'ಜನಕ್ರಾಂತಿಯ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿ.' ಮೂವತ್ತು ಅಂಕ. ಅದೊಂದರಲ್ಲಿ ಸೊನ್ನೆ ಬಂದರೆ ಇತಿಹಾಸ ಹೋಯಿತು. ಇತಿಹಾಸ ಹೋದವರಿಗೆ ಕಾಲೇಜಿಲ್ಲ, ಕಲ್ಲುಗಣಿಯ ಪಕ್ಕದ ಕಸುಬಿನ ಶಾಲೆ. ಸೂಚಿಯಲ್ಲಿ ಆರು ಕಾರಣ, ನಾಲ್ಕು ಪರಿಣಾಮ, ಒಂದೊಂದಕ್ಕೆ ಮೂರು; ಸೂಚಿಗೆ ವಿರುದ್ಧವಾಗಿ ಒಂದು ಸಾಲು ಬರೆದರೂ ಇಡೀ ಪ್ರಶ್ನೆಗೆ ಸೊನ್ನೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ನಾವು ಕಣ್ಣು ಮುಚ್ಚಿಕೊಂಡು ಗೆರೆ ಎಳೆಯುತ್ತೇವೆ. ನಾಲ್ಕನೆಯ ಕಾರಣ ನನಗೆ ನಿದ್ದೆಯಲ್ಲೂ ಬರುತ್ತದೆ: 'ಅರಸನ ಉಗ್ರಾಣದ ಅಳತೆಗಾರನು ಎರಡು ಸೇರುಗಳನ್ನಿಟ್ಟುಕೊಂಡು ಜನರನ್ನು ವಂಚಿಸುತ್ತಿದ್ದನು. ಜನರು ಆ ಸೇರುಗಳನ್ನು ವಶಪಡಿಸಿಕೊಂಡು ವಂಚಕನನ್ನು ಶಿಕ್ಷಿಸಿದರು.' ಪುಸ್ತಕದ ನಲವತ್ತೊಂದನೆಯ ಪುಟ. ಬರೆದವನು ನೀನು. ಆರು ವರ್ಷದಿಂದ ಕಪ್ಪು ಹಲಗೆಯ ಮೇಲೆ ಅದನ್ನು ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿರುವವಳು, ಆ ಅಳತೆಗಾರನ ಹೆಂಡತಿ.

ಕಾರಣಗಳೆಂದರೆ ನನಗೆ ನೆನಪಾಗುವುದು ಬೇರೆ. ಅಮ್ಮನ ಮಂಡಿ ನೆನಪಾಗುತ್ತದೆ. ಅರಮನೆಯ ಕಾರು ಬೀದಿಯಲ್ಲಿ ಹಾಯುವಾಗ ಎಲ್ಲರೂ ನೆಲಕ್ಕೆ ಮಂಡಿಯೂರಬೇಕಿತ್ತಲ್ಲ, ವಾತ ಹಿಡಿದ ಕಾಲಿನ ಅಮ್ಮ ಕೂತರೆ ಏಳಲಾಗದೆ, ಕಾರು ಹೋಗಿ ಧೂಳು ಅಡಗಿದ ಮೇಲೂ ಹಾಗೇ ಕೂತಿರುತ್ತಿದ್ದಳು. ನಾವಿಬ್ಬರೂ ಎರಡು ರಟ್ಟೆ ಹಿಡಿದು ಎತ್ತಬೇಕಿತ್ತು. "ಅವನಿಗೇನು, ಹೋದ. ನನ್ನ ಕಾಲು ಇಲ್ಲೇ ಉಳೀತು" ಎನ್ನುತ್ತಿದ್ದಳು. ನೀನು ಹತ್ತು ವರ್ಷದವನಿದ್ದಾಗ ಪರೀಕ್ಷೆಯಲ್ಲಿ 'ಅರಸನ ಲಕ್ಷಣಗಳೇನು' ಎಂಬ ಪ್ರಶ್ನೆಗೆ, 'ಅವನು ಎಲ್ಲರನ್ನೂ ಕೂರಿಸುತ್ತಾನೆ, ಏಳಿಸುವವರು ಬೇರೆ' ಎಂದು ಬರೆದೆ. ಹೆಡ್‌ಮೇಷ್ಟ್ರು ನಿನ್ನನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದರು. ನನ್ನ ಕ್ಲಾಸಿನ ಕಿಟಕಿಯಿಂದ ನೀನು ಕಾಣುತ್ತಿದ್ದೆ. ನೀನು ಅಳಲಿಲ್ಲ, ನಾನು ಅತ್ತೆ. ಅವತ್ತೇ ಅಂದುಕೊಂಡೆ, ಇವನು ಎಲ್ಲಿಗೆ ಹೋದರೂ ಇವನ ಹಿಂದೆ ಒಂದು ಕೊಡೆ ಹಿಡಿದುಕೊಂಡು ಹೋಗುವವಳು ನಾನೇ ಎಂದು.

ಹಾಗೇ ಆಯಿತು. ನೀನು ಕರಪತ್ರ ಬರೆದು ಪೊಲೀಸರಿಗೆ ಬೇಕಾದವನಾದಾಗ ನಮ್ಮ ಅಟ್ಟ ನಿನ್ನ ಮನೆಯಾಯಿತು. ಉಗ್ರಾಣದ ನೌಕರನ ಮನೆ, ಯಾರೂ ಹುಡುಕುವುದಿಲ್ಲ ಎಂಬ ಉಪಾಯ ನಿನ್ನ ಭಾವನದು. ನಿನ್ನ ಕರಪತ್ರಗಳನ್ನು ಮೊದಲು ಓದುತ್ತಿದ್ದವಳು ನಾನು. ಭಾಷೆ ಬೆಂಕಿಯಾಗಿತ್ತು. ಆದರೆ ಜನ ಅದನ್ನು ಓದಿ, ಮಡಿಸಿ, ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದರು. ನೀನು ಅಟ್ಟದಿಂದ ಇಳಿದು ಬಂದು, "ಈ ಜನಕ್ಕೆ ಏನ್ ಹೇಳಿದ್ರೆ ಏಳ್ತಾರಕ್ಕಾ?" ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಊಟ ಮಾಡುತ್ತಿದ್ದ ನಿನ್ನ ಭಾವ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ಹೇಳಬೇಡ. ತೋರಿಸು." ಎಷ್ಟು ಮಾತಾಡದ ಮನುಷ್ಯ ಅವರು! ಹನ್ನೊಂದು ವರ್ಷ ಉಗ್ರಾಣದಲ್ಲಿ ಕಾಳು ಅಳೆದವರು ಅವತ್ತು ಮೊದಲ ಸಲ ಬಾಯಿಬಿಟ್ಟರು. ಜನರಿಂದ ಕಂದಾಯದ ಕಾಳು ತೆಗೆದುಕೊಳ್ಳುವಾಗ ಒಂದು ಸೇರು, ಬರಗಾಲದಲ್ಲಿ ಜನರಿಗೆ ಅದೇ ಕಾಳು ಕೊಡುವಾಗ ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಎತ್ತರ, ಒಂದೇ ಸುತ್ತಳತೆ, ಒಂದೇ ರಾಜಮುದ್ರೆ. ಕೈ ಒಳಗಿಟ್ಟರೆ ಮಾತ್ರ ತಿಳಿಯುತ್ತದೆ, ಕೊಡುವ ಸೇರಿನ ತಳ ಎರಡು ಬೆರಳು ಮೇಲಿದೆ. "ಎಲ್ಲರೂ ನೋಡೋದು ಬಾಯಿ. ಮೋಸ ಇರೋದು ತಳದಲ್ಲಿ" ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀನು ರೇಗಿದೆ. "ನಾನೂ ಅಳೆದವನೇ ಅಲ್ವಾ" ಎಂದರು. ಅಷ್ಟೇ. ಮರುದಿನ ಸಂಜೆ ಊಟದ ಚೀಲದಲ್ಲಿ ಎರಡೂ ಸೇರುಗಳು ಮನೆಗೆ ಬಂದವು. ಬಾಗಿಲಲ್ಲಿ ಕಾವಲಿನವನು ಚೀಲ ಮುಟ್ಟಿ ನೋಡಿದ್ದರೆ ಆ ಸಂಜೆಯೇ ನಾನು ವಿಧವೆ.

ಆಮೇಲಿನದನ್ನು ಮಕ್ಕಳೆಲ್ಲ ಬಲ್ಲರು. ಕಾಳಿನ ಅಂಗಡಿಯ ಮುಂದೆ ಸಾಲು ನಿಂತಿದ್ದ ಜನರ ನಡುವೆ ನೀನೊಂದು ಸ್ಟೂಲಿನ ಮೇಲೆ ನಿಂತು, ದೊಡ್ಡ ಸೇರಿನ ತುಂಬ ನೀರು ತುಂಬಿ, ಒಂದು ಮಾತೂ ಆಡದೆ ಚಿಕ್ಕದಕ್ಕೆ ಸುರಿದೆ. ನೀರು ತುಂಬಿ, ಉಕ್ಕಿ, ನಿನ್ನ ಮೊಣಕೈಯಿಂದ ಇಳಿದು, ಮುಂದೆ ನಿಂತಿದ್ದ ಮುದುಕಿಯ ಕಾಲ ಮೇಲೆ ಬಿತ್ತು. ಆ ಮುದುಕಿ ಕಾಲನ್ನೇ ನೋಡಿಕೊಂಡು, "ಇದು ನನ್ನ ಮೊಮ್ಮಗನ ತುತ್ತು" ಎಂದಳು. ಒಂಬತ್ತು ದಿನ ಊರಿಗೆ ಊರೇ ಬೀದಿಯಲ್ಲಿತ್ತು. ಹತ್ತನೆಯ ದಿನ ಅರಸ ಅರಮನೆಯ ಮೈಲಿಗೆ ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಹೊರಟುಹೋದ. ನೀನು ಆ ಸಂಜೆ ಮನೆಗೆ ಓಡಿಬಂದು ನನ್ನನ್ನೂ ನಿನ್ನ ಭಾವನನ್ನೂ ಒಟ್ಟಿಗೆ ತಬ್ಬಿಕೊಂಡು, ಸೇರುಗಳನ್ನು ಅಡುಗೆಮನೆಯ ಗೂಡಿನಲ್ಲಿಟ್ಟೆ. "ಅಕ್ಕಾ, ಜೋಪಾನ. ಭಾವ ಮಾಡಿದ್ದನ್ನ ಊರೆದುರು ನಾನೇ ಹೇಳ್ತೀನಿ, ಇದು ನನ್ನ ಮಾತು" ಎಂದೆ. ಯಾಕಮ್ಮ ನಿನ್ನ ಭುಜದ ಮೇಲಿದ್ದಳು.

ಮೂರು ತಿಂಗಳ ನಂತರ ವಿಚಾರಣೆ. ಸುಳ್ಳು ಸೇರಿನಲ್ಲಿ ಅಳೆದ ಎಲ್ಲರನ್ನೂ ಕರೆದರು. ತಪ್ಪೆನ್ನಲಾರೆ, ಅಳೆದದ್ದು ನಿಜ. ನಿನ್ನ ಭಾವ ಅದನ್ನು ಒಪ್ಪಿಕೊಂಡರು. ಆಮೇಲೆ, ಸೇರು ಹೊರಗೆ ತಂದವನೂ ನಾನೇ ಎಂದರು. ಸಾಕ್ಷಿ ಯಾರು ಎಂದು ಕೇಳಿದಾಗ ವೇದಿಕೆಯತ್ತ ನೋಡಿದರು. ಎಡದಿಂದ ಮೂರನೆಯ ಕುರ್ಚಿ, ನಿನ್ನದು. ನಾನು ಹೆಂಗಸರ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೀನು ಎದ್ದದ್ದು ನೋಡಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಸೇರುಗಳು ಯಾರ ಕೈಯಿಂದ ಬಂದವು ಎಂದು ಕೇಳಿದರು. ನೀನು ಹೇಳಿದೆ: "ಅವು ಜನರ ಕೈಯಿಂದ ಬಂದವು."

ಪದ್ಯ ಓದುವವಳ ಶಾಪ ನೋಡು, ಆ ಸಾಲು ಯಾರನ್ನು ಕೊಲ್ಲುತ್ತಿದೆ ಎಂದು ತಿಳಿಯುವ ಮೊದಲು, ಎಷ್ಟು ಒಳ್ಳೆಯ ಸಾಲು ಎಂದು ನನಗನ್ನಿಸಿತು. ಸಭೆ ಚಪ್ಪಾಳೆ ತಟ್ಟಿತು. ಮಗುವೂ ತಟ್ಟಿತು. ನಿನ್ನ ಭಾವ ಮಾತ್ರ ತಲೆಯಾಡಿಸಿದರು, ಲೆಕ್ಕ ಸರಿಯಾಗಿದೆ ಎನ್ನುವಾಗ ಆಡಿಸುತ್ತಿದ್ದ ಹಾಗೆ. ಏಳು ವರ್ಷ ಕಲ್ಲುಗಣಿ. ಹೊರಗೆ ಮೆಟ್ಟಿಲ ಬಳಿ ನೀನು ನನ್ನ ಕೈಹಿಡಿದು ಪಿಸುಗುಟ್ಟಿದೆ: "ಈಗ ಸಂಬಂಧಿಕ ಅಂತ ಗೊತ್ತಾದ್ರೆ ಎಲ್ಲ ಹೊಲಸಾಗತ್ತಕ್ಕಾ. ಅರಸನ ನೌಕರ ಕ್ರಾಂತಿ ಶುರು ಮಾಡಿದ ಅಂದ್ರೆ ಜನ ಏನಂತಾರೆ? ಸ್ವಲ್ಪ ತಾಳಿಕೊ, ಬಿಡಿಸ್ತೀನಿ." ನಾನು ತಾಳಿಕೊಂಡೆ. ನಿನ್ನ ಭಾವ ಗಣಿಯ ಧೂಳಿನಲ್ಲಿ ಮೂರನೆಯ ವರ್ಷದವರೆಗೆ ತಾಳಿಕೊಂಡರು. ನೀನು ಒಂದು ಉಣ್ಣೆಯ ಕಂಬಳಿ ಕಳಿಸಿದ್ದೆ. ಅದು ಬಂದದ್ದು ಅವರು ಹೋದ ಒಂಬತ್ತನೆಯ ದಿನ. ಕಂಬಳಿ ಚೆನ್ನಾಗಿದೆ, ಯಾಕಮ್ಮ ಹೊದೆಯುತ್ತಾಳೆ.

ನಾನು ಅರಸ ಮರಳಿ ಬರಲಿ ಎನ್ನುವವಳಲ್ಲ, ಇದನ್ನು ನಿನ್ನ ಕಾರ್ಯದರ್ಶಿ ಅಡಿಗೆರೆ ಎಳೆದು ಓದಲಿ. ಬೀದಿಯಲ್ಲಿ ಯಾರೂ ಮಂಡಿಯೂರುವುದಿಲ್ಲ. ಗಾರೆ ಕೆಲಸದವನ ಮಗಳು ನನ್ನ ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಅಮ್ಮ ಬದುಕಿದ್ದರೆ ನಡುಬೀದಿಯಲ್ಲಿ ಬೇಕೆಂದೇ ನಿಂತಿರುತ್ತಿದ್ದಳು. ಇದೆಲ್ಲ ಸುಳ್ಳೆಂದು ನಾನು ಹೇಳಿದರೆ ನನ್ನ ನಾಲಿಗೆ ಬೀಳಲಿ. ಇದೆಲ್ಲ ನಿಜವಾದ್ದರಿಂದಲೇ ನಾನು ನನ್ನದೊಂದು ಸುಳ್ಳನ್ನು ನುಂಗಿಕೊಂಡಿದ್ದೆ. ಇಷ್ಟು ದೊಡ್ಡ ಹೊಳೆಯಲ್ಲಿ ನನ್ನ ಮನೆಯ ಒಂದು ಬಿಂದಿಗೆ ಎಂದುಕೊಂಡೆ. ಮಗಳಿಗೆ ಅಪ್ಪ ಉಗ್ರಾಣದಲ್ಲಿ ಗುಮಾಸ್ತ, ಎದೆಯ ಕಾಯಿಲೆಯಿಂದ ಹೋದರು ಎಂದು ಹೇಳಿ ಬೆಳೆಸಿದೆ. ಅವಳು ನನ್ನದೇ ಕ್ಲಾಸಿಗೆ ಬಂದಾಗ, ಹಲಗೆಗೆ ಮುಖ ಮಾಡಿ, ಅವಳಿಗೆ ಬೆನ್ನು ಮಾಡಿ, 'ವಂಚಕನನ್ನು ಶಿಕ್ಷಿಸಿದರು' ಎಂದು ಬರೆದೆ. ಆ ಸಾಲು ಬರೆಯುವಾಗ ಮಾತ್ರ ನನಗೆ ಕಡ್ಡಿ ಮುರಿಯುತ್ತದೆಂದು ಮಕ್ಕಳು ನಗುತ್ತಾರಂತೆ. ಆದ್ದರಿಂದ ಮೋಸ ಮಾಡಿದವನು ನೀನೊಬ್ಬನೇ ಎಂದು ಈ ಪತ್ರದಲ್ಲಿ ಎಲ್ಲೂ ಬರೆಯುವುದಿಲ್ಲ.

ಆದರೆ ಒಂದು ಪೆದ್ದುತನ ಮಾಡಿದ್ದೇನೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನೀನು ಗೂಡಿನಲ್ಲಿಟ್ಟು ಹೋದ ಸೇರುಗಳಲ್ಲಿ ನಿಜವಾದ ಸೇರನ್ನು ಅಡುಗೆಮನೆಯಲ್ಲಿ ಕಾಳು ಅಳೆಯಲು ಇಟ್ಟುಕೊಂಡೆ. ಸುಳ್ಳು ಸೇರಿಗೆ ಇಷ್ಟೇ ಯೋಗ್ಯತೆ ಎಂದು ಮೇಜಿನ ಮೇಲಿಟ್ಟು ಪೆನ್ನು, ಪೆನ್ಸಿಲು ತುಂಬಿದೆ. ಪ್ರತಿ ತಿಂಗಳು ಅಂಗಡಿಯಿಂದ ಪಡಿತರ ತಂದು ಮನೆಯಲ್ಲಿ ಮತ್ತೆ ಅಳೆಯುತ್ತಿದ್ದೆ. ಎಂಟು ಸೇರು ಎಂದರೆ ಎಂಟೇ ಸೇರು. ಎಷ್ಟು ನೆಮ್ಮದಿಯಾಗುತ್ತಿತ್ತು ಗೊತ್ತಾ! ನಿನ್ನ ಭಾವನ ಉಸಿರು ಹೋದರೂ ಅಳತೆಯಾದರೂ ನೆಟ್ಟಗಾಯಿತಲ್ಲ ಎಂದು. ಅವರು ಗಣಿಯಲ್ಲಿ ಕೆಮ್ಮುತ್ತಿದ್ದ ಕಾಲದಲ್ಲಿ ನಿನಗೆ ನಾಲ್ಕು ಪುಟದ ಪತ್ರ ಬರೆದಿದ್ದೆ, ಅವರನ್ನು ಬಿಡಿಸು ಎಂದು ಅಂಗಲಾಚಿ. ಕೊನೆಯಲ್ಲಿ, ನಿನ್ನ ಮನಸ್ಸು ಕರಗಲೆಂದು ಒಂದು ಸಾಲು ಸೇರಿಸಿದೆ: 'ನಿಮ್ಮ ಹೊಸ ಅಂಗಡಿಯಲ್ಲಿ ಒಂದು ಕಾಳೂ ಕಮ್ಮಿ ಇಲ್ಲ, ನಾನೇ ಮನೆಯಲ್ಲಿ ಅಳೆದು ನೋಡುತ್ತೇನೆ.' ನೀನು ಮಹಾಸಭೆಯಲ್ಲಿ ಆ ಒಂದು ಸಾಲನ್ನು ಓದಿದೆ, 'ಒಬ್ಬ ತಾಯಿಯ ಪತ್ರ' ಎಂದು. ಉಳಿದ ನಾಲ್ಕು ಪುಟ ಏನಾದವು ಎಂದು ನಾನು ಕೇಳಲಿಲ್ಲ.

ಹೋದ ವರ್ಷ ಒಂದು ರಜೆಯ ದಿನ ಯಾಕಮ್ಮ ಮನೆ ಒಪ್ಪ ಮಾಡುತ್ತಾ ಪೆನ್ನುಗಳನ್ನು ಹೊರಗೆ ಸುರಿದು ಎರಡೂ ಸೇರುಗಳನ್ನು ತೊಳೆದಳು. ನಲ್ಲಿಯ ಕೆಳಗೆ ತುಂಬಿದ ಒಂದನ್ನು ಇನ್ನೊಂದಕ್ಕೆ ಬಗ್ಗಿಸಿದಳು. ನಾನು ಪಕ್ಕದ ಕೋಣೆಯಲ್ಲಿ ಓದುತ್ತಿದ್ದೆ. ನೀರು ಕಲ್ಲಿನ ಮೇಲೆ ಚೆಲ್ಲಿದ ಸದ್ದು ಕೇಳಿತು. ಹದಿಮೂರು ವರ್ಷದ ಮೇಲೆ ಅದೇ ಸದ್ದು. "ಅಮ್ಮಾ, ಇದು ಯಾಕೆ ಉಕ್ತು?" ಎಂದು ಕೇಳಿದಳು. "ಹಳೇ ಸಾಮಾನು, ಯಾವನೋ ತಳ ಸರಿಯಾಗಿ ಬಡಿದಿಲ್ಲ" ಎಂದೆ. ಅವಳು "ಓ" ಎಂದಳು. ಯಾಕೆ ಎನ್ನಲಿಲ್ಲ. ಅವಳು ಯಾಕೆ ಎನ್ನದಿದ್ದ ಆ ಒಂದು ಸಲ ನಾನು ಹೆದರಬೇಕಿತ್ತು.

ಮೊನ್ನೆ ಶುಕ್ರವಾರ ನನ್ನ ಕಟ್ಟಿನಲ್ಲಿ ಹನ್ನೊಂದನೆಯದಾಗಿ ೪೧೭ನೇ ಪತ್ರಿಕೆ ಸಿಕ್ಕಿತು. ಯಾರದೆಂದು ತಿಳಿಯಲು ಅಕ್ಷರವನ್ನು ನೋಡಲೇಬೇಕಿರಲಿಲ್ಲ, ಉತ್ತರವೇ ಹೇಳಿತು. ಏಳನೆಯ ಪ್ರಶ್ನೆಗೆ ಐದು ಕಾರಣಗಳು ಸೂಚಿಯಲ್ಲಿದ್ದಂತೆಯೇ ಇದ್ದವು, ನಾಲ್ಕನೆಯದಕ್ಕೆ ಮಾತ್ರ ಹೀಗಿತ್ತು, ನಾನು ಬರೆದುಕೊಂಡಿದ್ದೇನೆ: 'ಪುಸ್ತಕದಲ್ಲಿ ಸೇರುಗಳನ್ನು ಜನರು ವಶಪಡಿಸಿಕೊಂಡರು ಎಂದಿದೆ. ಆದರೆ ಅವು ನಮ್ಮ ಮನೆಯಲ್ಲಿವೆ. ನಮ್ಮಮ್ಮ ಯಾರಿಂದಲೂ ಏನನ್ನೂ ವಶಪಡಿಸಿಕೊಳ್ಳುವವಳಲ್ಲ, ಅಂಗಡಿಯವನು ಚಿಲ್ಲರೆ ಕೊಡದಿದ್ದರೂ ಸುಮ್ಮನೆ ಬರುತ್ತಾಳೆ. ಉಗ್ರಾಣದಲ್ಲಿ ಕೆಲಸಕ್ಕಿದ್ದು ನಮ್ಮ ಮನೆಯಲ್ಲಿ ವಾಸವಿದ್ದವರು ಒಬ್ಬರೇ. ವಂಚಕನಾಗಿದ್ದರೆ ಅವರು ಸೇರುಗಳನ್ನು ಬಚ್ಚಿಡುತ್ತಿದ್ದರು, ಹೊರಗೆ ತರುತ್ತಿರಲಿಲ್ಲ. ಆದ್ದರಿಂದ ಕ್ರಾಂತಿಯ ನಾಲ್ಕನೆಯ ಕಾರಣ ನಮ್ಮಪ್ಪ.'

ಪರಿಣಾಮಗಳಲ್ಲಿ ಮೂರನ್ನು ಸೂಚಿಯಂತೆ ಬರೆದಿದ್ದಾಳೆ. 'ರಾಜ್ಯಕ್ಕೆಲ್ಲ ಒಂದೇ ಪ್ರಾಮಾಣಿಕ ಅಳತೆ ಬಂದಿತು' ಎನ್ನಬೇಕಾದ ಕಡೆ ಹೀಗಿದೆ: 'ನಮ್ಮ ಬೀದಿಯ ಅಂಗಡಿಯ ಸೇರಿಗೆ ಹೊಸ ಮುದ್ರೆ ಇದೆ. ಅದು ನಮ್ಮ ಮನೆಯ ಎರಡರಲ್ಲಿ ಚಿಕ್ಕದಕ್ಕೆ ಸಮ. ಮೂರು ಬೇರೆ ಬೇರೆ ಅಂಗಡಿಗಳಲ್ಲಿ ನೋಡಿದೆ. ನಮ್ಮಮ್ಮನಿಗೆ ಇದು ಗೊತ್ತಾಗಿಲ್ಲ, ಏಕೆಂದರೆ ಅವಳು ಇಷ್ಟು ವರ್ಷ ಅಳೆಯುತ್ತಿರುವುದೂ ಚಿಕ್ಕದರಲ್ಲೇ. ದೊಡ್ಡದರಲ್ಲಿ ಪೆನ್ನುಗಳಿವೆ.'

ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ಪಕ್ಕದಲ್ಲಿ ಭೂಗೋಳದ ಟೀಚರು ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಪತ್ರಿಕೆಯ ಮೇಲೆ ಕೈಯಿಟ್ಟು ಕೂತೆ. ಸಂಜೆ ಮನೆಗೆ ಬಂದವಳೇ ಪೆನ್ನುಗಳನ್ನು ನೆಲಕ್ಕೆ ಸುರಿದು, ಒಂದೊಂದು ಸೇರಿಗೂ ಒಂದೊಂದು ಕೈ ಇಳಿಬಿಟ್ಟೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಮಸಿಪುಟ್ಟಾ, ಅವಳು ಬರೆದದ್ದು ಸರಿ. ನಾನು ಯಾವತ್ತೋ ಗೂಡು ಒರೆಸುವಾಗ ಅದಲು ಬದಲು ಮಾಡಿಬಿಟ್ಟಿದ್ದೇನೆ. ತಳ ಮುಟ್ಟಿ ನೋಡಿ ಎಂದು ನಮಗೆ ಕಲಿಸಿದ ಮನುಷ್ಯನ ಮನೆಯಲ್ಲೇ ಯಾರೂ ತಳ ಮುಟ್ಟಲಿಲ್ಲ. ಅಂಗಡಿಯ ಮೋಸಕ್ಕೆ ನಾನು ಪ್ರತಿ ತಿಂಗಳು 'ಸರಿಯಾಗಿದೆ' ಎಂದು ರುಜು ಹಾಕುತ್ತಾ ಬಂದೆ, ಆ ರುಜುವನ್ನು ನೀನು ಮೈಕಿನ ಮುಂದೆ ಓದಿದೆ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇ? ಇದೊಂದನ್ನು ನಾನು ಎರಡು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಉಗ್ರಾಣದ ಹಳೆಯ ಚಿಕ್ಕ ಸೇರುಗಳನ್ನು ಕರಗಿಸುವ ಬದಲು ಮುದ್ರೆ ಉಜ್ಜಿ ಹಂಚಿದವರು ಯಾರೋ ಕೆಳಗಿನವರೋ, ಅಥವಾ ನಿಮ್ಮ ಮೇಜಿನ ಸುತ್ತ ಕೂತು ಯೋಚಿಸಿದ್ದೋ? ಗೊತ್ತಿರಲಿಲ್ಲ ಎಂದು ನೀನು ಹೇಳಿದರೆ ನಂಬುವ ಆಸೆ ನನಗಿನ್ನೂ ಇದೆ. ನಾಚಿಕೆಯಾಗುತ್ತದೆ, ಆದರೆ ಇದೆ.

ನಿನ್ನೆ ಮುಖ್ಯ ಮೌಲ್ಯಮಾಪಕರ ಹತ್ತಿರ ಹೋಗಿ ಸೂಚಿಯ ಹೊರಗಿನ ಉತ್ತರಕ್ಕೆ ಏನು ಮಾಡಬೇಕು ಎಂದು ಕೇಳಿದೆ. "ಸೊನ್ನೆ ಹಾಕಿ ಮನೆಗೆ ಹೋಗಿ ಟೀಚರೇ. ಮಗು ಕಸುಬು ಕಲೀತದೆ, ನಿಮ್ಮ ಪೆನ್ಷನ್ ಉಳೀತದೆ" ಎಂದರು. ಒಂಬತ್ತನೇ ನಿಯಮ ಇದೆಯಲ್ಲ ಎಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿ ನಕ್ಕರು. "ಅದು ನಿಂತ ಗಡಿಯಾರ ಇದ್ದ ಹಾಗೆ. ನಡೆಯಲ್ಲ, ಗೋಡೆಗೆ ಚೆಂದ." ನೀನು ಮರೆತಿದ್ದರೆ ನೆನಪಿಸುತ್ತೇನೆ. ಸಮಿತಿಗೆ ಬಂದ ಮೊದಲ ವಾರ ನೀನು ಬರೆದ ನಿಯಮಗಳಲ್ಲಿ ಅದೂ ಒಂದು: 'ಉತ್ತರಸೂಚಿಯಲ್ಲಿಲ್ಲದ ಉತ್ತರವನ್ನು ಓದದೆ ತಪ್ಪೆನ್ನಕೂಡದು. ಅಂಥ ಪತ್ರಿಕೆಯನ್ನು ಮೌಲ್ಯಮಾಪಕರು ತಮ್ಮ ಅಂಕದೊಡನೆ ಅಧ್ಯಕ್ಷರಿಗೆ ಕಳಿಸತಕ್ಕದ್ದು. ಅಧ್ಯಕ್ಷರು ತಾವೇ ಓದಿ, ತಮ್ಮ ಕೈಯಾರೆ ಅಂಕವನ್ನು ಒಪ್ಪತಕ್ಕದ್ದು ಅಥವಾ ಹೊಡೆದುಹಾಕತಕ್ಕದ್ದು.' ಅದನ್ನು ಓದಿದ ದಿನ, ಅಷ್ಟೆಲ್ಲ ಆದಮೇಲೂ, ನಾನು ಅತ್ತಿದ್ದೆ. ಬಿಸಿಲಲ್ಲಿ ನಿಂತಿದ್ದ ಆ ಹತ್ತು ವರ್ಷದ ಮಗು ಇನ್ನೂ ಒಳಗೆಲ್ಲೋ ಇದ್ದಾನೆ ಎಂದುಕೊಂಡು. ಈ ಹದಿಮೂರು ವರ್ಷದಲ್ಲಿ ಯಾರೂ ಒಂದು ಪತ್ರಿಕೆಯನ್ನೂ ಕಳಿಸಿಲ್ಲವಂತೆ. ಅದಕ್ಕೊಂದು ಫಾರಂ ಸಹ ಅಚ್ಚಾಗಿಲ್ಲ. ನಾನೇ ಸ್ಕೇಲು ಹಿಡಿದು ಗೆರೆ ಎಳೆದು ಒಂದು ಮಾಡಿಕೊಂಡೆ.

ಇಷ್ಟೇ ವಿಷಯ. ಬೇಸಿಗೆ ಬಂತು, ಎದೆಯನ್ನು ಹುಷಾರಾಗಿ ನೋಡಿಕೊ. ಊಟ ಬಿಡಬೇಡ. ನಿನ್ನ ಹೆಂಡತಿಯನ್ನು ನಾನು ಪತ್ರಿಕೆಯ ಫೋಟೋದಲ್ಲಿ ಮಾತ್ರ ನೋಡಿರುವುದು, ಆಕೆಗೆ ಈ ಕಾಣದ ನಾದಿನಿಯ ನೆನಪುಗಳನ್ನು ತಿಳಿಸು. ನಿನಗಿಂತ ಆರು ವರ್ಷ ಮೊದಲು ಹುಟ್ಟಿದ ಹಕ್ಕಿನಿಂದ ಆಶೀರ್ವಾದ ಮಾಡುತ್ತಿದ್ದೇನೆ. ಅದನ್ನು ತಡೆಹಿಡಿಯಬೇಕೆಂದು ಎರಡು ದಿನ ನೋಡಿದೆ, ಕೈ ಕೇಳಲಿಲ್ಲ. ನೂರು ಕಾಲ ಬಾಳು. ಕೈಗೆ ಆಗಾಗ ಮಸಿ ಹತ್ತುತ್ತಿರಲಿ.

ಇಂತಿ,
ಕೊಡೆ ಹಿಡಿದುಕೊಂಡು ಹಿಂದೆ ಬಂದ
ನಿನ್ನ ಅಕ್ಕ

ತಾ.ಕ.: ಸೋಮವಾರ ಬೆಳಿಗ್ಗೆ. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ೪೧೭ನ್ನು ಇದರೊಂದಿಗೇ ಕಳಿಸುತ್ತಿದ್ದೇನೆ. ಏಳನೆಯ ಪ್ರಶ್ನೆಗೆ ಮೂವತ್ತಕ್ಕೆ ಮೂವತ್ತು ಕೊಟ್ಟು ಕೆಂಪು ಮಸಿಯಲ್ಲಿ ನನ್ನ ಪೂರ್ತಿ ಹೆಸರು ಬರೆದಿದ್ದೇನೆ. ಫಾರಮ್ಮಿನಲ್ಲಿ 'ವಿದ್ಯಾರ್ಥಿಗೂ ಅಂಕ ಕೊಡುವವರಿಗೂ ಇರುವ ಸಂಬಂಧ' ಎಂದು ಒಂದು ಕಾಲಂ ಹಾಕಿದ್ದೇನೆ. ನನ್ನದರ ಎದುರು 'ತಾಯಿ' ಎಂದು ತುಂಬಿದ್ದೇನೆ, ಕೆಲಸ ಹೋದರೆ ಹೋಗಲಿ. ಅದರ ಕೆಳಗಿನದು ನಿನ್ನದು, ಖಾಲಿ ಇದೆ. ಈ ಸಲ 'ಜನರು' ಎಂದು ಬರೆಯಬೇಡ, ಜಾಗ ಚಿಕ್ಕದು, ಒಬ್ಬನೇ ಹಿಡಿಸುತ್ತಾನೆ. ಯಾಕಮ್ಮನಿಗೆ ನಾನು ನೋಡಿದ್ದೂ ಗೊತ್ತಿಲ್ಲ, ಕಳಿಸಿದ್ದೂ ಗೊತ್ತಿಲ್ಲ. ಕಾಲೇಜಿನ ಅರ್ಜಿ ತುಂಬಿಟ್ಟುಕೊಂಡು ಕೂತಿದ್ದಾಳೆ. ಜೊತೆಗೆ ಒಂದು ಸೇರನ್ನು ಬಟ್ಟೆ ಸುತ್ತಿ ಕಳಿಸಿದ್ದೇನೆ. ಅದು ಚಿಕ್ಕದು, ಕೈ ಇಟ್ಟು ನೋಡಿದ್ದೇನೆ. ದೊಡ್ಡದು ಇಲ್ಲೇ ಇದೆ. ಒಂದನ್ನೇ ಇಟ್ಟುಕೊಂಡರೆ ಏನೂ ತಿಳಿಯುವುದಿಲ್ಲ, ನನಗೆ ಹದಿನಾಲ್ಕು ವರ್ಷ ತಿಳಿಯಲಿಲ್ಲ. ಅಳೆಯಬೇಕೆನಿಸಿದರೆ ಅದನ್ನು ಹಿಡಿದುಕೊಂಡು ಮನೆಗೆ ಬಾ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಇರುತ್ತದೆ.